ಹೊಲದಲ್ಲಿ ಸಿಕ್ಕ ಕಂಚಿನ ಮೂರ್ತಿಗೆ ಹುಣಸೆಹಣ್ಣು ಹಚ್ಚಬೇಡಿ

ಪ್ರಶ್ನೆ: ನಮ್ಮದು ಶಿವಮೊಗ್ಗ ಕಡೆ. ಈಗ ಇಂಗ್ಲೆಂಡಿನ ಲಿಂಕನ್‌ಶೈರ್‌ನಲ್ಲಿದ್ದೇವೆ. ಆಫೀಸಿನ ಗೆಳೆಯನ ಜೊತೆ ವಾರಾಂತ್ಯದಲ್ಲಿ ಮೆಟಲ್ ಡಿಟೆಕ್ಟರ್ ಹಿಡಿದು ಹೊಲ ಸುತ್ತುವ ಹವ್ಯಾಸ ಅಂಟಿಕೊಂಡಿದೆ. ಹೊಲದ ರೈತರ ಬಾಯಿಮಾತಿನ ಒಪ್ಪಿಗೆ ಇದೆ. ಕಳೆದ ಅಕ್ಟೋಬರ್‌ನಲ್ಲಿ ಉತ್ತ ಹೊಲದಲ್ಲಿ, ಒಂದು ಗೇಣು ಆಳದಲ್ಲಿ, ಸುಮಾರು 7 ಸೆಂ.ಮೀ. ಎತ್ತರದ ಕಂಚಿನ ಮೂರ್ತಿ ಸಿಕ್ಕಿತು. ನಿಂತ ಗಂಡಸು, ಟೋಪಿಗೆ ಎರಡು ರೆಕ್ಕೆ, ಬಲಗೈಯಲ್ಲಿ ಚೀಲದಂಥದ್ದು, ಎಡಗೈ ಮುರಿದಿದೆ. ನಲ್ಲಿ ನೀರಲ್ಲಿ ತೊಳೆದು ಜಿಪ್ ಕವರ್‌ನಲ್ಲಿ ಹಾಕಿ ಕಿಟಕಿ ಹತ್ತಿರ ಇಟ್ಟಿದ್ದೆ. ಈಗ ನೋಡಿದರೆ ಎದೆ ಮೇಲೆ, ಕಾಲ ಹತ್ತಿರ ತಿಳಿ ಹಸಿರು ಪುಡಿ. ಹುಣಸೆಹಣ್ಣು ಹಾಕಿ ತಿಕ್ಕು, ಹೊಳೆಯುತ್ತೆ ಅಂತಾರೆ ಅಮ್ಮ. ಹಾಗೇ, ಮುರಿದ ಮೂರ್ತಿ ಮನೆಯಲ್ಲಿ ಇರಬಾರದು ಅಂತಲೂ ಹೆದರಿದ್ದಾರೆ. ಗೆಳೆಯನ ಪ್ರಕಾರ ಯಾರಿಗೂ ಹೇಳಬಾರದು, ಹೇಳಿದರೆ ಸರ್ಕಾರ ಕಿತ್ತುಕೊಳ್ಳುತ್ತೆ, ಸುಮ್ನೆ ಆನ್‌ಲೈನ್‌ನಲ್ಲಿ ಮಾರಿಬಿಡು. ಇಷ್ಟು ತಿಂಗಳು ಯಾರಿಗೂ ತಿಳಿಸಿಲ್ಲ, ತಪ್ಪಾಯಿತಾ? ಊರಿಗೆ ಬರುವಾಗ ತರಬಹುದಾ? ಡಿಟೆಕ್ಟರ್ ತಂದು ನಮ್ಮ ತೋಟದಲ್ಲೂ ಹುಡುಕಬಹುದಾ?

ಉತ್ತರ: ಇಷ್ಟೂ ಪ್ರಶ್ನೆಗಳಲ್ಲಿ ಒಂದಕ್ಕೆ ಇವತ್ತೇ ಉತ್ತರ ಬೇಕು. ಅದು ಆ ಪುಡಿ. ಉಳಿದದ್ದೆಲ್ಲ ನಾಳೆಗೆ ಕಾಯುತ್ತದೆ, ಅದು ಕಾಯುವುದಿಲ್ಲ.

ಹಳೇ ಕಂಚಿನ ಮೇಲೆ ಹಸಿರು ಇರುವುದು ಸಹಜ. ಎಲ್ಲ ಕಿಲುಬೂ ಕೆಟ್ಟದ್ದಲ್ಲ. ಗಾಢ ಹಸಿರು, ನುಣುಪು, ಉಗುರಿನಿಂದ ಮುಟ್ಟಿದರೂ ಉದುರದ ಪದರವಿದ್ದರೆ ಅದು ಮೂರ್ತಿಯನ್ನು ಕಾಪಾಡುತ್ತಿದೆ ಎಂದರ್ಥ. ಕೆಲವು ಕಡೆ ಅದರ ಕೆಳಗೆ ಇಟ್ಟಿಗೆ ಕೆಂಪು ಪದರವೂ ಕಾಣುತ್ತದೆ, ಅದೂ ಒಳ್ಳೆಯದೇ. ನೀವು ಹೇಳಿದ ತಿಳಿ ಹಸಿರು ಪುಡಿ ಬೇರೆ. ಒಂದು ಕಪ್ಪು ಕಾಗದದ ಮೇಲೆ ಮೂರ್ತಿಯನ್ನು ಮೆಲ್ಲಗೆ ತಟ್ಟಿ ನೋಡಿ. ಹಿಟ್ಟಿನಂತೆ ಉದುರಿದರೆ, ಮತ್ತು ಭೂತಗನ್ನಡಿಯಲ್ಲಿ ಆ ಜಾಗದಲ್ಲಿ ಸೂಜಿಮೊನೆಯಷ್ಟು ಗುಂಡಿ ಕಂಡರೆ, ಅದು ಹಳೇ ವಸ್ತುಗಳನ್ನು ಸಂರಕ್ಷಿಸುವ ನಮ್ಮ ಕೆಲಸದಲ್ಲಿ ಬ್ರಾಂಜ್ ಡಿಸೀಸ್ ಅಂತ ಕರೆಯುವ ತೊಂದರೆ. ಗುಂಡಿಯ ತಳದಲ್ಲಿ ಬೂದು ಬಣ್ಣದ, ಮೇಣದಂಥ ಒಂದು ಪದರ ಇರುತ್ತದೆ. ಅದನ್ನು ಒಮ್ಮೆ ಕಂಡವರಿಗೆ ಮತ್ತೆ ಗುರುತು ತಪ್ಪುವುದಿಲ್ಲ.

ಆಗುವುದು ಇಷ್ಟು. ಕಂಚು ಅಂದರೆ ತಾಮ್ರ ಮತ್ತು ತವರ. ನಿಮ್ಮ ವಿವರಣೆ ನೋಡಿದರೆ ಮೂರ್ತಿ ರೋಮನ್ನರ ಕಾಲದ್ದು ಅನಿಸುತ್ತದೆ. ಅವರು ಎರಕಕ್ಕೆ ಹಲವು ಸಲ ಸೀಸವನ್ನೂ ಸೇರಿಸುತ್ತಿದ್ದರು, ಕರಗಿದ ಲೋಹ ಅಚ್ಚಿನ ಸಂದುಗೊಂದಿಗೆಲ್ಲ ಸಲೀಸಾಗಿ ಹರಿಯಲಿ ಅಂತ. ಮಣ್ಣಲ್ಲಿ ಶತಮಾನಗಟ್ಟಲೆ ಇದ್ದಾಗ ಉಪ್ಪಿನ ಅಂಶ, ಅಂದರೆ ಕ್ಲೋರೈಡ್, ಒಳಗೆ ಇಳಿದು ತಾಮ್ರದ ಜೊತೆ ಸೇರಿ ಕ್ಯುಪ್ರಸ್ ಕ್ಲೋರೈಡ್ ಆಗುತ್ತದೆ. ಉಳುವ ಹೊಲವಾದರೆ ರಸಗೊಬ್ಬರದ ಉಪ್ಪೂ ಜೊತೆಗೆ ಸೇರುತ್ತದೆ. ಗಾಳಿ ಅಷ್ಟಾಗಿ ತಾಗದ ಮಣ್ಣಿನ ಒಳಗೆ ಅದು ತಣ್ಣಗೆ ಕೂತಿರುತ್ತದೆ. ಹೊರಗೆ ಬಂದು ಗಾಳಿ ಮತ್ತು ತೇವ ಎರಡೂ ತಾಗಿದ ಕೂಡಲೇ ಅದು ಹಸಿರು ಪುಡಿಯಾಗಿ ಉಬ್ಬುತ್ತದೆ, ಜೊತೆಗೆ ಹೈಡ್ರೋಕ್ಲೋರಿಕ್ ಆಮ್ಲವೂ ಹುಟ್ಟುತ್ತದೆ, ಆ ಆಮ್ಲ ಪಕ್ಕದ ಒಳ್ಳೆ ತಾಮ್ರವನ್ನು ತಿಂದು ಮತ್ತೆ ಕ್ಲೋರೈಡ್ ಮಾಡುತ್ತದೆ, ಅದು ಮತ್ತೆ ಪುಡಿಯಾಗುತ್ತದೆ. ತೇವ ಇರುವ ತನಕ ಈ ಸುತ್ತು ನಿಲ್ಲುವುದಿಲ್ಲ. ಡಿಸೀಸ್ ಅಂತ ಹೆಸರಿದ್ದರೂ ಇದು ಸೋಂಕಲ್ಲ, ರೋಗಾಣು ಇಲ್ಲ. ಆದರೆ ಅದೇ ತೇವದ ಡಬ್ಬಿಯಲ್ಲಿ ನಿಮ್ಮ ಬೇರೆ ನಾಣ್ಯಗಳೂ ಇದ್ದು, ಅವುಗಳ ಒಳಗೂ ಕ್ಲೋರೈಡ್ ಇದ್ದರೆ ಅವಕ್ಕೂ ಶುರುವಾಗುತ್ತದೆ.

ಅಂದರೆ ಮನೆಯಲ್ಲಿ ನೀವು ಮಾಡಬೇಕಾದ ಚಿಕಿತ್ಸೆ ಒಂದೇ: ಒಣಗಿಸುವುದು. ಸುತ್ತಲಿನ ಗಾಳಿಯ ತೇವಾಂಶ ಶೇ 35ಕ್ಕಿಂತ ಕೆಳಗಿದ್ದರೆ ಈ ಕ್ರಿಯೆ ಹೆಚ್ಚುಕಡಿಮೆ ನಿಂತೇ ಹೋಗುತ್ತದೆ. ಇಂಗ್ಲೆಂಡಿನ ಮನೆಗಳಲ್ಲಿ ಅದು ಸಾಮಾನ್ಯವಾಗಿ ಇದಕ್ಕಿಂತ ಎಷ್ಟೋ ಜಾಸ್ತಿ. ಚಳಿಗಾಲದಲ್ಲಿ ಗಾಜಿನ ಮೇಲೆ ನೀರು ಇಳಿಯುವ ಕಿಟಕಿ ಪಕ್ಕವಂತೂ ಅತ್ಯಂತ ಕೆಟ್ಟ ಜಾಗ. ತೊಳೆದ ಮೂರ್ತಿಯನ್ನು ಪೂರ್ತಿ ಒಣಗಿಸದೆ ಜಿಪ್ ಕವರ್‌ನಲ್ಲಿ ಮುಚ್ಚಿದರೆ ತೇವ ಒಳಗೇ ಉಳಿಯುತ್ತದೆ.

ಈಗಲೇ ಹೀಗೆ ಮಾಡಿ. ಕೈಗೆ ಗ್ಲೌಸ್ ಹಾಕಿಕೊಳ್ಳಿ, ಬೆವರಲ್ಲೂ ಉಪ್ಪಿದೆ. ಹೊಸ ಪಾಲಿಥೀನ್ ಕವರ್‌ಗೆ ಸೂಜಿಯಿಂದ ಅಲ್ಲಲ್ಲಿ ತೂತು ಮಾಡಿ ಮೂರ್ತಿಯನ್ನು ಅದರಲ್ಲಿಡಿ. ಗಟ್ಟಿಯಾಗಿ ಮುಚ್ಚಳ ಕೂರುವ ಪ್ಲಾಸ್ಟಿಕ್ ಡಬ್ಬಿಯಲ್ಲಿ ತೇವ ಹೀರುವ ಸಿಲಿಕಾ ಜೆಲ್ ಧಾರಾಳವಾಗಿ ಹಾಕಿ, ಅದರ ಜೊತೆ ಈ ಕವರ್ ಇಡಿ. ತೇವ ತೋರಿಸುವ ಬಣ್ಣದ ಕಾರ್ಡ್ ಸಿಗುತ್ತದೆ, ಒಂದನ್ನು ಒಳಗೆ ಹಾಕಿ. ಜೆಲ್ ಬಣ್ಣ ಬದಲಾಯಿಸಿದರೆ ಒಣಗಿಸಿ ಮತ್ತೆ ಬಳಸಿ. ಪಿವಿಸಿ ಪೌಚ್, ಓಕ್ ಮರದ ಪೆಟ್ಟಿಗೆ ಎರಡೂ ಬೇಡ, ಅವು ಆಮ್ಲದ ಆವಿ ಬಿಡುತ್ತವೆ. ಪುಡಿಯನ್ನು ಬ್ರಷ್‌ನಿಂದ ಉಜ್ಜುವುದೂ ಬೇಡ. ಫೋಟೋ ಮಾತ್ರ ತೆಗೆದಿಡಿ, ಎಲ್ಲ ಕಡೆಯಿಂದ, ಪಕ್ಕದಲ್ಲಿ ಸ್ಕೇಲ್ ಇಟ್ಟು. ಒಂದು ತಿಂಗಳ ನಂತರ ಮತ್ತೆ ತೆಗೆದರೆ ಪುಡಿ ನಿಂತಿದೆಯೋ ಹರಡುತ್ತಿದೆಯೋ ಗೊತ್ತಾಗುತ್ತದೆ.

ಅಮ್ಮನ ಹುಣಸೆಹಣ್ಣಿನ ಮಾತಿಗೆ ಬರೋಣ. ಅವರು ಹೇಳುವುದು ಪೂಜೆ ಪಾತ್ರೆಗೆ, ದೀಪಕ್ಕೆ ಸರಿ. ಅಲ್ಲಿ ಕಿಲುಬು ತೆಳ್ಳಗೆ ಮೇಲೆ ಕೂತಿರುತ್ತದೆ, ಕೆಳಗೆ ಲೋಹ ಗಟ್ಟಿಯಾಗಿ ಇರುತ್ತದೆ, ಹುಳಿಯ ಆಮ್ಲ ಮೇಲಿನದನ್ನು ಕರಗಿಸಿ ಹೊಳಪು ತರುತ್ತದೆ. ಸಾವಿರದ ಎಂಟುನೂರು ವರ್ಷ ಮಣ್ಣಲ್ಲಿದ್ದ ಮೂರ್ತಿಯಲ್ಲಿ ಹಾಗಲ್ಲ. ಶಿಲ್ಪಿ ಕೆತ್ತಿದ ಮೂಲ ಮೇಲ್ಮೈ ಈಗ ಲೋಹವಾಗಿ ಉಳಿದೇ ಇಲ್ಲ, ಅದು ಆ ಹಸಿರು ಪದರದ ಒಳಗೇ ಅಚ್ಚಾಗಿ ನಿಂತಿದೆ. ಕಣ್ಣಿನ ರೆಪ್ಪೆ, ಕೂದಲಿನ ಎಳೆ, ರೆಕ್ಕೆಯ ಗೀರು ಎಲ್ಲ ಅಲ್ಲಿದೆ. ಕೆಲವು ಮೂರ್ತಿಗಳಿಗೆ ಕಣ್ಣಿನಲ್ಲಿ ಬೆಳ್ಳಿ ಕೂರಿಸಿರುತ್ತಾರೆ, ಕೆಳಗೆ ಪೀಠಕ್ಕೆ ಅಂಟಿಸಿದ ಸೀಸದ ಬೆಸುಗೆಯ ಚೂರೂ ಇರಬಹುದು. ಹುಳಿ ಹಾಕಿ ತಿಕ್ಕಿದರೆ ಇವೆಲ್ಲ ಚರಂಡಿಗೆ ಹೋಗುತ್ತವೆ, ನಿಮ್ಮ ಕೈಲಿ ಉಳಿಯುವುದು ಮುಖವೇ ಇಲ್ಲದ, ಗುಳಿಬಿದ್ದ, ಗುಲಾಬಿ ಬಣ್ಣದ ಲೋಹದ ತುಂಡು. ಅಂಥವು ನನ್ನ ಮೇಜಿಗೆ ಬಂದಿವೆ. ತಂದವರು ಪ್ರೀತಿಯಿಂದಲೇ ತೊಳೆದಿರುತ್ತಾರೆ. ಆಮೇಲೆ ನಾವು ಏನು ಮಾಡಿದರೂ ಆ ಮುಖ ವಾಪಸ್ ಬರುವುದಿಲ್ಲ.

ನಿಂಬೆಹಣ್ಣು, ವಿನೆಗರ್, ಕೋಲಾ, ತಂತಿ ಬ್ರಷ್, ಬ್ಯಾಟರಿಗೆ ತಂತಿ ಕಟ್ಟಿ ಉಪ್ಪುನೀರಲ್ಲಿ ಮುಳುಗಿಸುವ ವಿಧಾನ, ಯಾವುದೂ ಬೇಡ. ಆಲಿವ್ ಎಣ್ಣೆಯಲ್ಲಿ ತಿಂಗಳುಗಟ್ಟಲೆ ನೆನೆಹಾಕುವವರೂ ಇದ್ದಾರೆ. ಎಣ್ಣೆಯ ಆಮ್ಲ ಕೂಡ ಪದರವನ್ನು ತಿನ್ನುತ್ತದೆ, ಸಾಲದ್ದಕ್ಕೆ ಒಳಗೆ ಇಂಗಿದ ಎಣ್ಣೆ ಮುಂದಿನ ಚಿಕಿತ್ಸೆಗೂ ಅಡ್ಡ ಬರುತ್ತದೆ. ಪರಿಣತ ಕನ್ಸರ್ವೇಟರ್, ಅಂದರೆ ಹಳೇ ವಸ್ತುಗಳ ಸಂರಕ್ಷಕರು, ಮಾಡುವ ಕೆಲಸ ಬೇರೆ ಥರದ್ದು. ಮೈಕ್ರೋಸ್ಕೋಪ್ ಕೆಳಗೆ ಸ್ಕಾಲ್ಪೆಲ್‌ನಿಂದ ಕಣಕಣವಾಗಿ ಪುಡಿ ತೆಗೆಯುತ್ತಾರೆ, ಬೇಕಿದ್ದರೆ ಬೆಂಜೋಟ್ರಯಜೋಲ್ ಎಂಬ ರಾಸಾಯನಿಕದಲ್ಲಿ ಮುಳುಗಿಸುತ್ತಾರೆ, ಮೇಲೆ ತೆಳ್ಳಗೆ ಅಕ್ರಿಲಿಕ್ ಲೇಪ ಕೊಡುತ್ತಾರೆ. ಆ ರಾಸಾಯನಿಕ ವಿಷಕಾರಿ, ಮನೆಯಲ್ಲಿ ಪ್ರಯೋಗ ಮಾಡುವಂಥದ್ದಲ್ಲ. ಖರ್ಚಿನ ಕೆಲಸವೂ ಹೌದು. ಇಷ್ಟೆಲ್ಲ ಆದ ಮೇಲೂ ಮೂರ್ತಿ ಒಣ ಡಬ್ಬಿಯಲ್ಲೇ ಇರಬೇಕು.

ಇನ್ನು ಸರ್ಕಾರ ಕಿತ್ತುಕೊಳ್ಳುವ ಭಯ. ಇದು ಬಹುಪಾಲು ಕಟ್ಟುಕತೆ, ಆದರೂ ಪೂರ್ತಿ ಸುಳ್ಳಲ್ಲ, ಅದಕ್ಕೇ ಬಿಡಿಸಿ ಹೇಳುತ್ತೇನೆ.

ಇಂಗ್ಲೆಂಡ್, ವೇಲ್ಸ್‌ಗೆ 1996ರ ಟ್ರೆಶರ್ ಆಕ್ಟ್ ಇದೆ. ಅದರ ಪ್ರಕಾರ 300 ವರ್ಷಕ್ಕಿಂತ ಹಳೆಯದಾಗಿದ್ದು, ಶೇ 10ರಷ್ಟಾದರೂ ಚಿನ್ನ ಅಥವಾ ಬೆಳ್ಳಿ ಇರುವ ವಸ್ತು ನಿಧಿ. ಇತಿಹಾಸಪೂರ್ವ ಕಾಲದ ಕಂಚಿನ ವಸ್ತುಗಳು ಎರಡೋ ಹೆಚ್ಚೋ ಒಟ್ಟಿಗೆ ಸಿಕ್ಕರೆ ಅದೂ ನಿಧಿ, ಇದನ್ನು 2003ರಲ್ಲಿ ಸೇರಿಸಿದರು. ಒಂಟಿ ರೋಮನ್ ಕಂಚಿನ ಮೂರ್ತಿ ಈ ಯಾವುದರಲ್ಲೂ ಬರುತ್ತಿರಲಿಲ್ಲ, ಅಂದರೆ ಅದನ್ನು ಮ್ಯೂಸಿಯಂಗೆ ಉಳಿಸಿಕೊಳ್ಳುವ ದಾರಿ ಈ ಕಾನೂನಿನಲ್ಲಿ ಇರಲಿಲ್ಲ. ಇದರಿಂದ ಆದ ನಷ್ಟ ಸಣ್ಣದಲ್ಲ. 2010ರಲ್ಲಿ ಕಂಬ್ರಿಯಾದ ಕ್ರಾಸ್ಬಿ ಗ್ಯಾರೆಟ್ ಹತ್ತಿರ ಡಿಟೆಕ್ಟರ್‌ಗೆ ಮುಖವಾಡವಿರುವ ರೋಮನ್ ಶಿರಸ್ತ್ರಾಣ ಸಿಕ್ಕಿತು. ತಾಮ್ರದ ಮಿಶ್ರಲೋಹದ ಒಂಟಿ ವಸ್ತು, ಹಾಗಾಗಿ ಕಾನೂನಿನ ಕಣ್ಣಲ್ಲಿ ನಿಧಿಯಲ್ಲ. ಕಾರ್ಲೈಲ್‌ನ ಟಲ್ಲಿ ಹೌಸ್ ಮ್ಯೂಸಿಯಂ ಹಣ ಕೂಡಿಸಿ ಎಷ್ಟೇ ಪ್ರಯತ್ನಪಟ್ಟರೂ ಆಗಲಿಲ್ಲ, ಹರಾಜಿನಲ್ಲಿ ಸುಮಾರು 23 ಲಕ್ಷ ಪೌಂಡ್‌ಗೆ ಹೆಸರು ಹೇಳದ ಖರೀದಿದಾರರ ಪಾಲಾಯಿತು. 2020ರಲ್ಲಿ ನಾರ್ತ್ ಯಾರ್ಕ್‌ಷೈರ್‌ನ ರೈಡೇಲ್‌ನಲ್ಲಿ ಇಬ್ಬರು ಡಿಟೆಕ್ಟರ್ ಹವ್ಯಾಸಿಗಳಿಗೆ ಚಕ್ರವರ್ತಿ ಮಾರ್ಕಸ್ ಅರೇಲಿಯಸ್‌ನದು ಎನ್ನಲಾದ ಅಂಗೈ ಉದ್ದದ ಕಂಚಿನ ತಲೆ, ಕುದುರೆ ಸವಾರನ ಪುಟ್ಟ ಮೂರ್ತಿ, ಕುದುರೆ ಆಕಾರದ ಹಿಡಿ, ತೂಗುಗುಂಡು, ನಾಲ್ಕೂ ಒಟ್ಟಿಗೆ ಸಿಕ್ಕವು. ಅವೂ ನಿಧಿಯಲ್ಲ! 2021ರಲ್ಲಿ 1,85,000 ಪೌಂಡ್‌ಗೆ ಹರಾಜಾದವು. ಪುಣ್ಯಕ್ಕೆ ಆಮೇಲೆ ದಾನಿಗಳ ನೆರವಿನಿಂದ ಯಾರ್ಕ್‌ಷೈರ್ ಮ್ಯೂಸಿಯಂಗೆ ಬಂದವು.

ಇಂಥ ಪ್ರಕರಣಗಳಿಂದಾಗಿ 2023ರ ಜುಲೈ 30ರಿಂದ ಹೊಸ ವರ್ಗವೊಂದು ಜಾರಿಗೆ ಬಂತು. 200 ವರ್ಷಕ್ಕಿಂತ ಹಳೆಯದಾಗಿ, ಲೋಹವಿದ್ದು, ಇತಿಹಾಸದ ಬಗ್ಗೆ ಅಸಾಧಾರಣ ತಿಳಿವಳಿಕೆ ಕೊಡುವಂತಿದ್ದರೆ, ಅಂದರೆ ತೀರಾ ಅಪರೂಪದ್ದಾಗಿದ್ದರೆ, ಆ ಪ್ರದೇಶದಲ್ಲಿ ಸಿಕ್ಕಿದ್ದೇ ವಿಶೇಷವಾಗಿದ್ದರೆ, ಅಥವಾ ನಿರ್ದಿಷ್ಟ ವ್ಯಕ್ತಿಗೋ ಘಟನೆಗೋ ಸಂಬಂಧಿಸಿದ್ದರೆ, ಅದೂ ಈಗ ನಿಧಿ.

ನಿಮ್ಮದು? ರೆಕ್ಕೆಯ ಟೋಪಿ, ಬಲಗೈಯಲ್ಲಿ ಹಣದ ಚೀಲ ಅಂದರೆ ಬಹುತೇಕ ಮರ್ಕ್ಯುರಿ, ವ್ಯಾಪಾರಿಗಳ, ಪ್ರಯಾಣಿಕರ ದೇವರು. ಮುರಿದ ಎಡಗೈಯಲ್ಲಿ ಹಾವು ಸುತ್ತಿದ ಕೋಲು ಇದ್ದಿರಬಹುದು. ಬ್ರಿಟನ್‌ನಲ್ಲಿ ಸಿಗುವ ರೋಮನ್ ಕಂಚಿನ ದೇವರುಗಳಲ್ಲಿ ಮರ್ಕ್ಯುರಿಯೇ ಅತಿ ಸಾಮಾನ್ಯರಲ್ಲೊಬ್ಬ. ಹಾಗಾಗಿ ಹೊಸ ವರ್ಗಕ್ಕೂ ಸೇರುವ ಸಾಧ್ಯತೆ ಕಡಿಮೆ. ಆದರೆ ಅದನ್ನು ತೀರ್ಮಾನಿಸುವವರು ನೀವೂ ಅಲ್ಲ, ನಾನೂ ಅಲ್ಲ. ನಿಧಿ ಇರಬಹುದು ಅಂತ ಅನಿಸಿದ ದಿನದಿಂದ 14 ದಿನದೊಳಗೆ ಕರೋನರ್‌ಗೆ, ಅಂದರೆ ನಿಧಿಯ ವಿಚಾರಣೆ ನಡೆಸುವ ಅಧಿಕಾರಿಗೆ, ತಿಳಿಸಬೇಕು, ಬೇಕೆಂದೇ ಮುಚ್ಚಿಟ್ಟರೆ ಮೂರು ತಿಂಗಳವರೆಗೆ ಜೈಲು ಆಗಬಹುದು. ಇಷ್ಟು ದಿನ ನಿಮಗೆ ಆ ಯೋಚನೆಯೇ ಬಂದಿಲ್ಲದಿದ್ದರೆ ಗಾಬರಿ ಬೇಡ. ಈಗ ಓದಿದಿರಲ್ಲ, ಈ ವಾರವೇ ನಿಮ್ಮ ಕೌಂಟಿಯ ಫೈಂಡ್ಸ್ ಲಿಯೇಸನ್ ಆಫೀಸರ್‌ಗೆ ಇಮೇಲ್ ಮಾಡಿ. ಅವರು ಬ್ರಿಟಿಷ್ ಮ್ಯೂಸಿಯಂ ನಡೆಸುವ ಪೋರ್ಟಬಲ್ ಆಂಟಿಕ್ವಿಟೀಸ್ ಸ್ಕೀಮ್‌ನವರು, 1997ರಿಂದ ಸಾಮಾನ್ಯ ಜನರಿಗೆ ಸಿಕ್ಕ ವಸ್ತುಗಳನ್ನು ದಾಖಲಿಸುತ್ತಿದ್ದಾರೆ. ನೋಡುತ್ತಾರೆ, ಅಳೆಯುತ್ತಾರೆ, ಫೋಟೋ ತೆಗೆಯುತ್ತಾರೆ, ನಿಧಿಯಲ್ಲದಿದ್ದರೆ ವಾಪಸ್ ಕೊಡುತ್ತಾರೆ. ಬೆಲೆ ಮಾತ್ರ ಹೇಳುವುದಿಲ್ಲ. ನಿಧಿ ಅಂತಾಗಿ ಮ್ಯೂಸಿಯಂ ತೆಗೆದುಕೊಂಡರೂ ಸುಮ್ನೆ ಕಿತ್ತುಕೊಳ್ಳುವುದಿಲ್ಲ, ಸ್ವತಂತ್ರ ಸಮಿತಿ ಮಾರುಕಟ್ಟೆ ಬೆಲೆ ಕಟ್ಟುತ್ತದೆ, ಆ ಹಣ ಸಾಮಾನ್ಯವಾಗಿ ಸಿಕ್ಕವರಿಗೂ ಜಮೀನಿನವರಿಗೂ ಸಮನಾಗಿ ಹಂಚಿಕೆಯಾಗುತ್ತದೆ. ಸ್ಕಾಟ್ಲೆಂಡ್ ಕಡೆ ಹೋದರೆ ಮಾತ್ರ ಲೆಕ್ಕ ಬೇರೆ, ಅಲ್ಲಿ ಏನು ಸಿಕ್ಕರೂ ತಿಳಿಸಲೇಬೇಕು.

ಆಫೀಸರ್ ನಿಮ್ಮನ್ನು ಮೊದಲು ಕೇಳುವ ಪ್ರಶ್ನೆ: ಸರಿಯಾಗಿ ಎಲ್ಲಿ ಸಿಕ್ಕಿತು? ನನಗೂ ಅದೇ ಮುಖ್ಯ. ಗ್ಲೌಸ್ಟರ್‌ಷೈರ್‌ನಲ್ಲಿ 2017ರಲ್ಲಿ ಡಿಟೆಕ್ಟರ್‌ನವರಿಗೆ ನಾಲಿಗೆ ಚಾಚಿದ ಕಂಚಿನ ನಾಯಿ ಸಿಕ್ಕಿತು, ಜೊತೆಗೆ ಒಡೆದ ಕಂಚಿನ ರಾಶಿ. ಬರೀ ನಾಯಿಯನ್ನಷ್ಟೇ ಎತ್ತಿ ಮಾರಿದ್ದರೆ ಅದೊಂದು ಚೆಂದದ ಅಲಂಕಾರದ ವಸ್ತುವಾಗಿ ಯಾರದೋ ಶೋಕೇಸ್ ಸೇರುತ್ತಿತ್ತು. ಜಾಗ ಗೊತ್ತಿದ್ದದ್ದರಿಂದ, ಜೊತೆಗಿದ್ದ ಚೂರುಗಳೂ ದಾಖಲಾದದ್ದರಿಂದ, ಅದೇ ಕೌಂಟಿಯ ಲಿಡ್ನಿಯಲ್ಲಿ ರೋಗ ಗುಣವಾಗಲೆಂದು ಜನ ಬರುತ್ತಿದ್ದ ದೇವಾಲಯದಲ್ಲಿ ಸಿಕ್ಕ ನಾಯಿ ಮೂರ್ತಿಗಳ ಜೊತೆ ಇದನ್ನು ಇಟ್ಟು ನೋಡಲು ಸಾಧ್ಯವಾಯಿತು, ಗಾಯ ನೆಕ್ಕಿ ವಾಸಿ ಮಾಡುವ ನಾಯಿ ಇದು ಅಂತ ಅರ್ಥ ಮಾಡಿಕೊಳ್ಳಲು ಆಯಿತು. ನಿಮ್ಮ ಮರ್ಕ್ಯುರಿಯ ಹಿಂದೆಯೂ ಹಾಗೆ ಏನೋ ಇದೆ. ಯಾರದೋ ಮನೆಯ ದೇವರ ಗೂಡಿನಲ್ಲಿ ಇದ್ದದ್ದೋ, ಹರಕೆ ತೀರಿಸಲು ಗುಡಿಗೆ ಕೊಟ್ಟದ್ದೋ. ಅದೇ ಗ್ಲೌಸ್ಟರ್‌ಷೈರ್‌ನ ಉಲಿಯಲ್ಲಿದ್ದ ಮರ್ಕ್ಯುರಿ ಗುಡಿಯಲ್ಲಿ ಜನ ಸೀಸದ ತಗಡಿನ ಮೇಲೆ ತಮ್ಮ ವಸ್ತು ಕದ್ದವನನ್ನು ಬಿಡಬೇಡ ದೇವರೇ ಅಂತ ಬರೆದು ಹಾಕುತ್ತಿದ್ದರು. ನಮ್ಮ ಕಡೆ ದೈವದ ಮುಂದೆ ಹೇಳಿಕೊಳ್ಳುವವರಿಗೆ ಇದು ಹೊಸದೇನಲ್ಲ, ಅಲ್ವಾ? ನಿಮ್ಮ ರೈತರ ಹೊಲದಲ್ಲಿ ಅಂಥ ಗುಡಿ ಇತ್ತೋ ಇಲ್ಲವೋ ಹೇಳಬಲ್ಲದ್ದು ಆ ಜಾಗ ಮಾತ್ರ. ಜಿಪಿಎಸ್ ಗುರುತು ಇಲ್ಲದಿದ್ದರೆ ಗೆಳೆಯನ ಜೊತೆ ಹೋಗಿ ಆದಷ್ಟು ಹತ್ತಿರದ ಜಾಗ ಗುರುತಿಸಿ. ಅಲ್ಲಿ ಮತ್ತೆ ಅಗೆಯಬೇಡಿ. ಕಳ್ಳರು ಬರುತ್ತಾರೆ ಅನ್ನುವ ಹೆದರಿಕೆ ಬೇಡ, ನಿಖರ ಜಾಗವನ್ನು ಸ್ಕೀಮ್‌ನವರು ಸಾರ್ವಜನಿಕವಾಗಿ ತೋರಿಸುವುದಿಲ್ಲ.

ಒಂದು ನಿರಾಸೆಗೂ ತಯಾರಿರಿ. ರೋಮನ್ ಅಂತ ಬರುವ ಮೂರ್ತಿಗಳಲ್ಲಿ ಹತ್ತೊಂಬತ್ತನೇ ಶತಮಾನದ ಪ್ರವಾಸಿ ಸ್ಮರಣಿಕೆಗಳೂ ಇರುತ್ತವೆ. ಗೊಬ್ಬರದ ಗಾಡಿಯಲ್ಲಿ ಕಸದ ಜೊತೆ ಹೊಲಕ್ಕೆ ಬಂದವು. ಕಾಲಿನ ಒಳಬದಿಯಲ್ಲಿ ನೇರ ಅಚ್ಚಿನ ಗೆರೆ, ಮಿಷನ್ ಕೊರೆದ ತೂತು, ಹಿತ್ತಾಳೆಯ ಹಳದಿ ಬಣ್ಣ ಕಂಡರೆ ಅನುಮಾನ ಪಡಬೇಕು. ನೀವು ಹೇಳಿದ ಪುಡಿ ನೋಡಿದರೆ ನಿಮ್ಮದು ಹಳೆಯದೇ ಅನಿಸುತ್ತದೆ, ಆದರೂ ಕೈಯಲ್ಲಿ ಹಿಡಿಯದೆ ಪ್ರಮಾಣ ಮಾಡಲಾರೆ.

ಮಾರುವ ವಿಚಾರ. ಮೊದಲು ಅದು ಯಾರದು? ಡಿಟೆಕ್ಟರ್ ಹಿಡಿಯಲು ಒಪ್ಪಿಗೆ ಕೊಟ್ಟರೆ ಸಿಕ್ಕಿದ್ದೆಲ್ಲ ನಿಮ್ಮದಾಗುವುದಿಲ್ಲ. ಸರ್ರೆಯ ಫಾರ್ನಮ್ ಪಾರ್ಕ್‌ನಲ್ಲಿ ಒಬ್ಬರಿಗೆ ಮಧ್ಯಯುಗದ ಚಿನ್ನದ ಬ್ರೋಚ್ ಸಿಕ್ಕಿತ್ತು. ನೆಲದೊಳಗಿನ ವಸ್ತುವಿನ ಮೇಲೆ ಜಮೀನಿನ ಒಡೆಯರ ಹಕ್ಕೇ ಮೇಲು ಅಂತ 1995ರಲ್ಲಿ ಮೇಲ್ಮನವಿ ನ್ಯಾಯಾಲಯ ತೀರ್ಪು ಕೊಟ್ಟಿತು. ಆದ್ದರಿಂದ ರೈತರಿಗೆ ಹೇಳದೆ ಮಾರಿದರೆ ಅದು ಕಳ್ಳತನದ ಆರೋಪಕ್ಕೆ ದಾರಿ. ಹೋಗಿ ಮೂರ್ತಿ ತೋರಿಸಿ, ತಡವಾಯಿತು ಅಂತ ಹೇಳಿ, ಅರ್ಧರ್ಧ ಅಂತ ಒಂದು ಹಾಳೆಯಲ್ಲಿ ಬರೆದು ಇಬ್ಬರೂ ಸಹಿ ಹಾಕಿ. ಮುಂದೆ ಸಿಗುವುದಕ್ಕೂ ಅದೇ ಒಪ್ಪಂದ ಇರಲಿ. ನಿಧಿಯಲ್ಲ ಅಂತಾಗಿ ಆಮೇಲೆ ಮಾರುವುದಾದರೆ ಕಾನೂನಿನ ಅಡ್ಡಿ ಇಲ್ಲ, ದಾಖಲೆ ಸಂಖ್ಯೆ ಇರುವ ಮೂರ್ತಿಯನ್ನು ಒಳ್ಳೆ ಖರೀದಿದಾರರು ನಂಬಿ ಕೊಳ್ಳುತ್ತಾರೆ. ಆದರೆ ಕ್ರಾಸ್ಬಿ ಗ್ಯಾರೆಟ್ ಬೆಲೆ ತಲೆಯಲ್ಲಿಟ್ಟುಕೊಳ್ಳಬೇಡಿ, ಕೈ ಮುರಿದ, ಪುಡಿ ಏಳುತ್ತಿರುವ ಮರ್ಕ್ಯುರಿಗೆ ದೊಡ್ಡ ಮೊತ್ತ ಬರುವುದಿಲ್ಲ. ಇಟ್ಟುಕೊಂಡರೆ ಒಣ ಡಬ್ಬಿಯ ಜವಾಬ್ದಾರಿ ಜೀವನಪೂರ್ತಿ ನಿಮ್ಮದು. ನನ್ನನ್ನು ಕೇಳಿದರೆ, ರೈತರೂ ಒಪ್ಪಿದರೆ, ಸ್ಥಳೀಯ ಮ್ಯೂಸಿಯಂಗೆ ಬೇಕಾ ಅಂತ ಒಮ್ಮೆ ಕೇಳಿ. ಅವರ ಬಳಿ ತೇವ ನಿಯಂತ್ರಿಸಿದ ಜಾಗ ಇರುತ್ತದೆ, ಹತ್ತಿರದ ಹೊಲದ ದೇವರು ಹತ್ತಿರವೇ ಉಳಿಯುತ್ತಾನೆ. ಎಲ್ಲ ಮ್ಯೂಸಿಯಂಗಳೂ ಹೂಂ ಅನ್ನುವುದಿಲ್ಲ, ಜಾಗದ ಕೊರತೆ ಅವರಿಗೂ ಇದೆ.

ಅಮ್ಮನ ಭಯವನ್ನು ನಾನು ತಳ್ಳಿಹಾಕುವುದಿಲ್ಲ. ಭಿನ್ನವಾದ ಮೂರ್ತಿಯನ್ನು ಪೂಜೆಗೆ ಇಡಬಾರದು ಅನ್ನುವುದು ನಮ್ಮಲ್ಲಿ ಹಳೆಯ ನಡಾವಳಿ. ಇದು ಪೂಜೆಗೆ ಇಟ್ಟ ಮೂರ್ತಿ ಅಲ್ಲ, ಬೇರೆಯವರ ವಸ್ತು, ಜೋಪಾನಕ್ಕೆ ಇಟ್ಟುಕೊಂಡಿದ್ದೀವಿ ಅಂತ ಹೇಳಿ. ದೇವರ ಮನೆಯಿಂದ ದೂರ, ಕಪಾಟಿನ ಡಬ್ಬಿಯಲ್ಲಿಡಿ. ಹೆದರಿ ಹೊಳೆಗೆ ಬಿಡುವುದು ಮಾತ್ರ ಬೇಡ. ಲಂಡನ್ನಿನ ಥೇಮ್ಸ್ ದಂಡೆಯ ಕೆಸರಲ್ಲಿ ಹುಡುಕುವವರಿಗೆ ನಮ್ಮವರು ಬಿಟ್ಟ ಗಣಪತಿ ಮೂರ್ತಿಗಳು ಸಿಗುತ್ತಿರುತ್ತವೆ. ಅವು ಬಿಟ್ಟವರದೇ ಆಗಿದ್ದವು, ಇದು ನಿಮ್ಮೊಬ್ಬರದಲ್ಲ.

ಊರಿಗೆ ತರುವುದು ಸುಲಭವಲ್ಲ. ಬ್ರಿಟನ್ನಿನ ಮಣ್ಣಲ್ಲಿ ಸಿಕ್ಕ ಪುರಾತನ ವಸ್ತು ದೇಶದಿಂದ ಹೊರಗೆ ಹೋಗಬೇಕಾದರೆ, ಬೆಲೆ ಎಷ್ಟೇ ಕಡಿಮೆ ಇರಲಿ, ರಫ್ತು ಪರವಾನಗಿ ಬೇಕು. ಸೂಟ್‌ಕೇಸಿನಲ್ಲಿ ಬಟ್ಟೆ ಮಧ್ಯೆ ಇಟ್ಟು ತರುವಂತಿಲ್ಲ. ಮಲೆನಾಡಿನ ಮಳೆಗಾಲದ ತೇವದಲ್ಲಿ ಅದು ಬದುಕುವುದೂ ಕಷ್ಟ.

ತೋಟದಲ್ಲಿ ಹುಡುಕುವ ಆಸೆಯನ್ನು ದಯವಿಟ್ಟು ಬಿಡಿ. ಇಂಗ್ಲೆಂಡಿನಂಥ ವ್ಯವಸ್ಥೆ ನಮ್ಮಲ್ಲಿಲ್ಲ. ಕರ್ನಾಟಕದಲ್ಲಿ 1962ರ ನಿಧಿ ಕಾಯ್ದೆ ಇದೆ, ಮಣ್ಣಲ್ಲಿ ಹುದುಗಿದ ಬೆಲೆಬಾಳುವ ವಸ್ತು ಸಿಕ್ಕರೆ ಜಿಲ್ಲಾಡಳಿತಕ್ಕೆ ತಿಳಿಸಿ ಒಪ್ಪಿಸಬೇಕು. ನೂರು ವರ್ಷ ದಾಟಿದ ಮೂರ್ತಿಗಳಿಗೆ 1972ರ ಪುರಾತನ ವಸ್ತುಗಳ ಕಾಯ್ದೆಯೂ ಅನ್ವಯಿಸುತ್ತದೆ. ಸಂರಕ್ಷಿತ ಸ್ಮಾರಕದ ಹತ್ತಿರ ಅಗೆದರೆ ನೇರ ಅಪರಾಧ. ಅದಕ್ಕಿಂತ ಹೆಚ್ಚಾಗಿ, ನಿಧಿ ಆಸೆಗೆ ನಮ್ಮ ಊರುಗಳ ಪಾಳುಗುಡಿಗಳಲ್ಲಿ ಗರ್ಭಗುಡಿಯ ನೆಲ ಬಗೆದು, ಲಿಂಗ ಕಿತ್ತು, ನಂದಿ ಒಡೆದು ಹೋದವರ ಕೆಲಸವನ್ನು ನೀವೂ ನೋಡಿರುತ್ತೀರಿ. ಡಿಟೆಕ್ಟರ್ ಹಿಡಿದು ಓಡಾಡುವವರನ್ನು ಊರವರು ಅನುಮಾನದಿಂದ ನೋಡಿದರೆ ಅದಕ್ಕೆ ಕಾರಣ ಇದೆ. ತೋಟದಲ್ಲಿ ಗುಂಡಿ ತೋಡುವಾಗ ತಾನಾಗಿ ಏನಾದರೂ ಸಿಕ್ಕರೆ ಕೆಲಸ ನಿಲ್ಲಿಸಿ, ತೊಳೆಯದೆ, ಇದ್ದ ಹಾಗೇ ಫೋಟೋ ತೆಗೆದು ತಹಶೀಲ್ದಾರರಿಗೋ ರಾಜ್ಯ ಪುರಾತತ್ವ ಇಲಾಖೆಗೋ ತಿಳಿಸಲು ತಂದೆಗೆ ಹೇಳಿಡಿ.

ಇಮೇಲ್‌ನಲ್ಲಿ ಇಷ್ಟು ಇರಲಿ: ಸಿಕ್ಕ ದಿನಾಂಕ, ನಕ್ಷೆಯಲ್ಲಿ ಆ ಜಾಗದ ಗ್ರಿಡ್ ಸಂಖ್ಯೆ, ಆಳ, ರೈತರ ಒಪ್ಪಿಗೆಯ ವಿಷಯ, ನೀರಲ್ಲಿ ತೊಳೆದದ್ದು, ಪುಡಿ ಕಾಣಿಸಿದ್ದು ಯಾವಾಗ, ನಾಲ್ಕೂ ಬದಿಯ ಫೋಟೋ. ತೊಳೆದ ವಿಷಯ ಮುಚ್ಚಿಡಬೇಡಿ, ಯಾವ ಚಿಕಿತ್ಸೆ ಕೊಡಬೇಕು ಅನ್ನುವುದು ಅದರ ಮೇಲೂ ನಿಂತಿರುತ್ತದೆ. ಸಿಲಿಕಾ ಜೆಲ್ ತರುವ ಮೊದಲೇ ಮೂರ್ತಿಯನ್ನು ಆ ಕಿಟಕಿಯಿಂದ ತೆಗೆಯಿರಿ.